ನಾಯಕ ಬದಲಾದ, ನಾಯಕಿ ಉಳಿದಳು

(ಹಾನುಬಾಳಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚು ರೂಪ)



ಈ ದತ್ತಿ ಇಟ್ಟ ಮನೆಯವರು ತಮ್ಮ ಹೆಸರನ್ನು ಎಲ್ಲಿಯೂ ಹೇಳಬಾರದೆಂದು ಕೇಳಿಕೊಂಡಿದ್ದಾರೆ. ತೀರಿಹೋದ ಅವರ ತಾಯಿಗೆ ಸಿನಿಮಾ ಎಂದರೆ ಪ್ರಾಣವಾಗಿತ್ತಂತೆ. ವರ್ಷಕ್ಕೊಂದು ದಿನ ಯಾರಾದರೂ ಬಂದು ಸಿನಿಮಾದ ಬಗ್ಗೆ ಮನಸ್ಸಿಟ್ಟು ಮಾತಾಡಲಿ ಎನ್ನುವುದಷ್ಟೇ ಅವರ ಆಸೆ. ಈ ಸಲ ಯಾರ ಬಗ್ಗೆ ಮಾತಾಡುತ್ತೀರಿ ಎಂದು ಕೇಳಿದಾಗ ನಾನು ಯೋಚಿಸಲು ಹೋಗಲಿಲ್ಲ. 2025ರ ಜುಲೈ 14ರಂದು ನಟಿ ಬಿ. ಸರೋಜಾದೇವಿ ಅವರು ಬೆಂಗಳೂರಿನ ಮಲ್ಲೇಶ್ವರದಲ್ಲಿ ತೀರಿಕೊಂಡರು. ಅವರಿಗೆ 87 ವರ್ಷ ವಯಸ್ಸಾಗಿತ್ತು. ಆ ವಾರವೆಲ್ಲ ಪತ್ರಿಕೆಗಳಲ್ಲಿ ಬಂದ ಬರಹಗಳನ್ನು ಓದಿದೆ. ಎಲ್ಲದರಲ್ಲಿಯೂ ಪ್ರೀತಿ ಇತ್ತು. ಆದರೆ ಅವರು ಮಾಡಿದ ಕೆಲಸ ಎಂಥದ್ದು, ಅದನ್ನು ಹೇಗೆ ಮಾಡಿದರು ಎಂಬ ವಿಚಾರಕ್ಕೆ ಹೆಚ್ಚು ಜಾಗ ಸಿಕ್ಕಿರಲಿಲ್ಲ. ಆ ಕೆಲಸದ ಬಗ್ಗೆಯೇ ಇಂದು ಮಾತಾಡಬೇಕೆಂದು ಬಂದಿದ್ದೇನೆ.

ಮೊದಲು ಈ ಊರಿನ ಒಂದು ನೆನಪು ಹೇಳುತ್ತೇನೆ. ನನ್ನ ತಂದೆ ಈ ಹೋಬಳಿಯ ಕಾಫಿ ತೋಟವೊಂದರಲ್ಲಿ ರೈಟರಾಗಿದ್ದರು. ನಮ್ಮ ಮನೆಯ ಹಿಂದೆಯೇ ಕೂಲಿಯವರ ಲೈನುಗಳು. ಅಲ್ಲಿದ್ದವರಲ್ಲಿ ಅರ್ಧದಷ್ಟು ಜನ ಸೇಲಂ ಕಡೆಯಿಂದ ಬಂದವರು. ಲೈನಿನ ಮೊದಲ ಮನೆ ಮೇಸ್ತ್ರಿಯದು. ಅವರ ಹೆಂಡತಿಯನ್ನು ನಾವೆಲ್ಲ ಮೇಸ್ತ್ರಿಯಮ್ಮ ಎಂದೇ ಕರೆಯುತ್ತಿದ್ದೆವು. ಅವರ ಮನೆಯ ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ಇತ್ತು. ಅದರಲ್ಲಿದ್ದುದು ದೇವರ ಪಟವಲ್ಲ, ಸರೋಜಾದೇವಿಯ ಚಿತ್ರ. ದೊಡ್ಡ ಕಣ್ಣು, ಹಣೆಯ ಮೇಲಕ್ಕೆ ಎತ್ತಿ ಬಾಚಿದ ಕೂದಲು, ಕಿವಿಯಲ್ಲಿ ಜೋಲುವ ಲೋಲಾಕು. ಒಮ್ಮೆ ಮಜ್ಜಿಗೆ ಕೊಡಲು ಹೋದ ನನ್ನ ತಾಯಿ ಅದನ್ನು ನೋಡಿ, "ಇವರು ನಮ್ಮ ಕಿತ್ತೂರು ಚೆನ್ನಮ್ಮ ಅಲ್ವಾ?" ಎಂದರು. ಮೇಸ್ತ್ರಿಯಮ್ಮನಿಗೆ ಆ ಮಾತು ಹಿಡಿಸಲಿಲ್ಲ. "ಯಾವ ಚೆನ್ನಮ್ಮ? ಇವರು ಎಂಜಿಆರ್ ಜೋಡಿ" ಎಂದರು. ಆ ವಾದ ಒಂದು ದಿನಕ್ಕೆ ಮುಗಿಯಲಿಲ್ಲ. ಹಣ್ಣು ಕುಯ್ಯುವಾಗಲೂ, ನೀರಿಗೆ ಹೋದಾಗಲೂ ಇಬ್ಬರೂ ಅದನ್ನೇ ಎತ್ತುತ್ತಿದ್ದರು. ಇಬ್ಬರ ಮಾತೂ ನಿಜವೇ ಎಂದು ನನಗೆ ಗೊತ್ತಾಗಲು ಬಹಳ ವರ್ಷ ಬೇಕಾಯಿತು.

ಆಗೆಲ್ಲ ನಾವು ಸಿನಿಮಾ ನೋಡಬೇಕೆಂದರೆ ಸಕಲೇಶಪುರಕ್ಕೆ ಹೋಗಬೇಕು, ಇಲ್ಲವೇ ಮಳೆಗಾಲ ಕಳೆದು ಟೂರಿಂಗ್ ಟಾಕೀಸಿನ ಟೆಂಟು ಬರುವವರೆಗೆ ಕಾಯಬೇಕು. ಮಲೆನಾಡಿನ ಮಳೆಗೆ ಟೆಂಟು ನಿಲ್ಲುತ್ತಿರಲಿಲ್ಲ, ಅದಕ್ಕೇ ಕುಯ್ಲಿನ ಕಾಲವೇ ಸಿನಿಮಾದ ಕಾಲ. ಸಂಜೆಯಾಗುತ್ತಲೇ ಘಂಟಸಾಲರ 'ನಮೋ ವೆಂಕಟೇಶ' ರೆಕಾರ್ಡು ಮೊಳಗಿತೆಂದರೆ ಟಿಕೆಟ್ ಕೊಡಲು ಶುರುಮಾಡಿದರು ಎಂದೇ ಅರ್ಥ. ಹಾಡು ತೆಲುಗು, ಚಿತ್ರ ಕನ್ನಡ, ನೆಲದಲ್ಲಿ ಕುಳಿತ ಜನರಲ್ಲಿ ಅರ್ಧ ತಮಿಳು. ಬಟವಾಡೆಯ ಮರುದಿನ ತಮಿಳು ಚಿತ್ರ ಹಾಕಿದರಂತೂ ಲೈನುಗಳೆಲ್ಲ ಖಾಲಿ. ಒಂದೇ ಪ್ರೊಜೆಕ್ಟರ್ ಇದ್ದುದರಿಂದ ರೀಲು ಬದಲಿಸುವಾಗ ದೀಪ ಹತ್ತುತ್ತಿತ್ತು. ಆ ಎರಡು ನಿಮಿಷದಲ್ಲಿ ಮೇಸ್ತ್ರಿಯಮ್ಮ ನನ್ನ ತಾಯಿಗೆ ತಮಿಳು ಕಥೆಯನ್ನು ತಮ್ಮ ಕನ್ನಡದಲ್ಲಿ ಹೇಳಿಬಿಡುತ್ತಿದ್ದರು. ನನ್ನ ತಾಯಿ ಅರಸೀಕೆರೆ ಕಡೆಯ ಬಯಲುಸೀಮೆಯವರು. ಮದುವೆಯಾಗಿ ಬಂದಾಗ ಈ ಕಡೆಯ ಕನ್ನಡವೇ ಅವರಿಗೆ ಹೊಸದಾಗಿತ್ತಂತೆ. ಮೇಸ್ತ್ರಿಯಮ್ಮ ಅದಕ್ಕಿಂತ ದೂರದಿಂದ ಬಂದವರು. ಇಬ್ಬರೂ ಬಂದ ನೆಲದ ಮಾತನ್ನು ಕಲಿತುಕೊಂಡ ಹೆಂಗಸರು. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಸರೋಜಾದೇವಿ ಹುಟ್ಟಿದ್ದು 1938ರ ಜನವರಿ 7ರಂದು, ಬೆಂಗಳೂರಿನಲ್ಲಿ. ಅವರ ಮನೆತನದ ಊರು ಚನ್ನಪಟ್ಟಣ ತಾಲ್ಲೂಕಿನ ದಶವಾರ. ತಂದೆ ಭೈರಪ್ಪನವರು ಪೊಲೀಸ್ ಇಲಾಖೆಯಲ್ಲಿದ್ದರು, ತಾಯಿ ರುದ್ರಮ್ಮ. ಇವರು ನಾಲ್ಕನೆಯ ಹೆಣ್ಣು ಮಗು. ಹೊನ್ನಪ್ಪ ಭಾಗವತರ 'ಮಹಾಕವಿ ಕಾಳಿದಾಸ' ಚಿತ್ರದಿಂದ 1955ರಲ್ಲಿ ಬೆಳ್ಳಿತೆರೆಗೆ ಬಂದರು. ಆಗ ವಯಸ್ಸು ಹದಿನೇಳು. ತಾಯಿ ಎರಡು ಕಟ್ಟಳೆ ಹಾಕಿದ್ದರೆಂದು ಅವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಈಜುಡುಗೆ ತೊಡಬಾರದು, ತೋಳಿಲ್ಲದ ರವಿಕೆ ಹಾಕಬಾರದು. ಕೊನೆಯವರೆಗೂ ಅವರು ಆ ಮಾತು ಮೀರಲಿಲ್ಲ.

ಆಗಿನ ಕನ್ನಡ ಚಿತ್ರರಂಗ ಎಲ್ಲಿತ್ತು? ಮೈಸೂರಿನ ಪ್ರೀಮಿಯರ್ ಸ್ಟುಡಿಯೋ ಇತ್ತು, ನಿಜ. ಆದರೆ ಹೆಚ್ಚಿನ ಕೆಲಸ ನಡೆಯುತ್ತಿದ್ದುದು ಮದರಾಸಿನಲ್ಲಿ. ವಾಹಿನಿ, ಎವಿಎಂ, ಜೆಮಿನಿ, ವಿಕ್ರಂ, ಇವು ನಾಲ್ಕು ಭಾಷೆಗಳಿಗೆ ಸಾಮಾನ್ಯವಾದ ಕಾರ್ಖಾನೆಗಳು. ಒಂದು ಫ್ಲೋರಿನಲ್ಲಿ ತೆಲುಗು ಶೂಟಿಂಗ್, ಪಕ್ಕದ ಫ್ಲೋರಿನಲ್ಲಿ ತಮಿಳು, ರಾತ್ರಿ ಪಾಳಿಗೆ ಕನ್ನಡ. ಕನ್ನಡದಲ್ಲಿ ಆಗ ವರ್ಷಕ್ಕೆ ಹತ್ತು ಹನ್ನೆರಡು ಚಿತ್ರ ಬಂದರೆ ಹೆಚ್ಚು. ಅಷ್ಟರಲ್ಲೇ ಒಬ್ಬ ನಟಿ ಹೊಟ್ಟೆ ಹೊರೆಯುವುದು ಸಾಧ್ಯವಿರಲಿಲ್ಲ. ಆದ್ದರಿಂದ ಸರೋಜಾದೇವಿ 'ತಮಿಳಿಗೆ ಹೋದರು' ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅವರು ಮದರಾಸಿಗೆ ಹೋದರು, ಕನ್ನಡ ಚಿತ್ರರಂಗವೇ ಅಲ್ಲಿತ್ತು. ಅವರಿಗಿಂತ ಮೊದಲು ಎಂ.ವಿ. ರಾಜಮ್ಮ ಹೋಗಿದ್ದರು, ಪಂಡರಿಬಾಯಿ ಹೋಗಿದ್ದರು. ಶಿವಾಜಿ ಗಣೇಶನ್ ಅವರ ಮೊದಲ ಚಿತ್ರ 'ಪರಾಶಕ್ತಿ'ಯ (1952) ನಾಯಕಿ ಪಂಡರಿಬಾಯಿ. ಎರಡು ವರ್ಷದ ಮೇಲೆ ರಾಜಕುಮಾರ್ ನಾಯಕರಾಗಿ ಬಂದ 'ಬೇಡರ ಕಣ್ಣಪ್ಪ'ಕ್ಕೂ ನಾಯಕಿ ಅವರೇ. ಭಟ್ಕಳದಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳು ಎರಡು ಭಾಷೆಗಳ ಮಹಾನಟರನ್ನು ಕೈಹಿಡಿದು ತೆರೆಗೆ ಕರೆತಂದರು.

ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಈಗ ಬರುತ್ತೇನೆ. ಆ ಕಾಲದಲ್ಲಿ ಒಂದೇ ಕಥೆಯನ್ನು ಎರಡು ಮೂರು ಭಾಷೆಗಳಲ್ಲಿ ತೆಗೆಯುತ್ತಿದ್ದರಲ್ಲ, ಆ ಚಿತ್ರಗಳ ಪಾತ್ರವರ್ಗವನ್ನು ಪಕ್ಕ ಪಕ್ಕ ಇಟ್ಟು ನೋಡಿ. 'ಭೂಕೈಲಾಸ' 1958ರಲ್ಲಿ ಬಂತು. ಕನ್ನಡದಲ್ಲಿ ರಾವಣ ರಾಜಕುಮಾರ್, ತೆಲುಗಿನಲ್ಲಿ ಎನ್.ಟಿ. ರಾಮರಾವ್. ಮಂಡೋದರಿ ಎರಡರಲ್ಲೂ ಜಮುನಾ, ಪಾರ್ವತಿ ಎರಡರಲ್ಲೂ ಸರೋಜಾದೇವಿ. ಜೆಮಿನಿಯ ಎಸ್.ಎಸ್. ವಾಸನ್ 1959ರಲ್ಲಿ ಹಿಂದಿಯಲ್ಲಿ 'ಪೈಗಾಮ್' ತೆಗೆದರು, ನಾಯಕ ದಿಲೀಪ್ ಕುಮಾರ್. ಅದೇ ಕಥೆ ಮರುವರ್ಷ ತಮಿಳಿನಲ್ಲಿ 'ಇರುಂಬು ತಿರೈ' ಆದಾಗ ನಾಯಕ ಶಿವಾಜಿ. ವೈಜಯಂತಿಮಾಲಾ ಮತ್ತು ಸರೋಜಾದೇವಿ ಎರಡರಲ್ಲೂ ಇದ್ದಾರೆ. ಶ್ರೀಧರ್ ಅವರ 'ಕಲ್ಯಾಣ ಪರಿಸು' (1959) ತಮಿಳಿನಲ್ಲಿ ಜೆಮಿನಿ ಗಣೇಶನ್ ಅವರದು. ತೆಲುಗಿನ 'ಪೆಳ್ಳಿ ಕಾನುಕ'ದಲ್ಲಿ ಅಕ್ಕಿನೇನಿ ನಾಗೇಶ್ವರರಾವ್ ಬಂದರು, ತಂಗಿಯ ಪಾತ್ರಕ್ಕೆ ಮತ್ತೆ ಸರೋಜಾದೇವಿಯೇ. 'ಅಮರಶಿಲ್ಪಿ ಜಕಣಾಚಾರಿ'ಯಲ್ಲಿ ಕನ್ನಡಕ್ಕೆ ಕಲ್ಯಾಣ್ ಕುಮಾರ್, ತೆಲುಗಿಗೆ ನಾಗೇಶ್ವರರಾವ್, ಜಕಣನ ಹೆಂಡತಿ ಮಾತ್ರ ಎರಡರಲ್ಲೂ ಒಬ್ಬರೇ.

ನಾಯಕ ಒಂದು ಭಾಷೆಯ ಮಗ. ಅವನನ್ನು ಬದಲಿಸದಿದ್ದರೆ ಆ ಸೀಮೆಯ ಜನ ಒಪ್ಪುತ್ತಿರಲಿಲ್ಲ. ನಾಯಕಿ ಹಾಗಲ್ಲ. ಬೆಳಿಗ್ಗೆ ಒಂದು ಭಾಷೆಯಲ್ಲಿ ಅತ್ತು, ಅದೇ ಸೀರೆಯಲ್ಲಿ ಮಧ್ಯಾಹ್ನ ಇನ್ನೊಂದು ಭಾಷೆಯಲ್ಲಿ ಅಳುವ ಕೆಲಸ ಅವಳ ಪಾಲಿಗೆ ಬಂತು. ಎದುರಿಗೆ ಬೇರೆ ಗಂಡಸು, ಬೇರೆ ಮಾತು, ಬೇರೆ ಲಯ. ದಕ್ಷಿಣದ ಸಿನಿಮಾವನ್ನು ಒಂದಾಗಿ ಹೊಲಿದವರು ಈ ನಟಿಯರು. ಸೊಸೆಯಾಗಿ ಬಂದ ಹೆಣ್ಣು ಹೋದ ಮನೆಯ ಮಾತು, ಅಡಿಗೆ, ನೇಮ ಕಲಿಯಲಿ ಎಂದು ನಾವು ಎಷ್ಟು ಸಹಜವಾಗಿ ಬಯಸುತ್ತೇವೋ ಚಿತ್ರರಂಗವೂ ಅಷ್ಟೇ ಸಹಜವಾಗಿ ಅವರಿಂದ ಇದನ್ನು ಬಯಸಿತು. ಅದು ದೊಡ್ಡ ಕೌಶಲ ಎಂದು ಯಾರೂ ಎಣಿಸಲಿಲ್ಲ. ನನ್ನ ತಾಯಿ ಮತ್ತು ಮೇಸ್ತ್ರಿಯಮ್ಮನ ಮಾತನ್ನು ನೆನಪಿನಲ್ಲಿಡಿ ಎಂದು ಹೇಳಿದ್ದು ಇದಕ್ಕೇ.

ತಮಿಳಿನಲ್ಲಿ ಅವರ ಭಾಗ್ಯ ತೆರೆದದ್ದು 1958ರ ಆಗಸ್ಟ್ 22ರಂದು ಬಿಡುಗಡೆಯಾದ 'ನಾಡೋಡಿ ಮನ್ನನ್' ಚಿತ್ರದಿಂದ. ತಮಿಳಿನ ನಾಯಕನಟ ಎಂಜಿಆರ್ ಮೊದಲ ಬಾರಿಗೆ ನಿರ್ದೇಶಿಸಿದ ಚಿತ್ರವದು, ಖರ್ಚೂ ಅವರದೇ. ಮೊದಲರ್ಧ ಕಪ್ಪುಬಿಳುಪು, ನಾಯಕಿ ಭಾನುಮತಿ. ಅವರು ಚಿತ್ರದಿಂದ ಹೊರನಡೆದ ಮೇಲೆ ಆ ಪಾತ್ರವನ್ನು ಸಾಯಿಸಿ, ಇಪ್ಪತ್ತರ ಸರೋಜಾದೇವಿಯನ್ನು ರಾಜಕುಮಾರಿ ರತ್ನಳಾಗಿ ತಂದರು. ಅವರು ಬರುವ ಭಾಗದಲ್ಲಿ ಚಿತ್ರ ಗೇವಾಕಲರಿಗೆ ತಿರುಗುತ್ತದೆ. ಅಂದರೆ ಕತ್ತಲಲ್ಲಿ ಕುಳಿತ ಜನರ ಪಾಲಿಗೆ ಬಣ್ಣವೂ ಅವರೂ ಒಟ್ಟಿಗೆ ಬಂದರು. ಒಬ್ಬ ಹೊಸ ನಟಿಗೆ ಇದಕ್ಕಿಂತ ದೊಡ್ಡ ಪ್ರವೇಶ ಎಲ್ಲಿ ಸಿಕ್ಕೀತು? ಆಮೇಲೆ ಎಂಜಿಆರ್ ಜೊತೆ ಒಟ್ಟು 26 ಚಿತ್ರ, ಶಿವಾಜಿ ಜೊತೆ 22.

ಈ ಗಳಿಕೆಯ ಜೊತೆಗೇ ಅವರು ಉಳಿಸಿಕೊಂಡ ಒಂದು ಸಂಗತಿಯನ್ನು ನಾನು ಬಹಳ ಮುಖ್ಯವೆಂದು ತಿಳಿಯುತ್ತೇನೆ. ಅದು ಅವರ ಸ್ವಂತ ದನಿ. ಅವರ ತಮಿಳಿನಲ್ಲಿ ಕನ್ನಡದ ಎಳೆತ ಇತ್ತು. ಪದದ ಕೊನೆಯನ್ನು ಮೆತ್ತಗೆ ತೂಗಿ ಬಿಡುವ ಒಂದು ರೀತಿ. ಬೇರೆ ಯಾರಾದರೂ ಅದನ್ನು ತಪ್ಪೆಂದು ತಿದ್ದುತ್ತಿದ್ದರೋ ಏನೋ, ತಮಿಳರು ಅದನ್ನು ಮುದ್ದು ಎಂದರು. 'ಕನ್ನಡತ್ತು ಪೈಂಗಿಳಿ' ಎಂಬ ಬಿರುದು ಕೊಟ್ಟರು. ಕನ್ನಡ ನಾಡಿನ ಎಳೆ ಗಿಣಿ ಎಂದು ಅದರ ಅರ್ಥ. ಪರಭಾಷೆಯ ನಟಿಯನ್ನು ತಮ್ಮವಳಾಗಿ ಒಪ್ಪುವಾಗಲೂ ಅವಳ ಊರನ್ನು ಬಿರುದಿನಲ್ಲೇ ಉಳಿಸಿದ ಜನ ಅವರು. ಮುಂದಿನ ದಶಕಗಳಲ್ಲಿ ನಮ್ಮ ದಕ್ಷಿಣದ ಸಿನಿಮಾಗಳಲ್ಲಿ ನಾಯಕಿಯ ಮುಖ ಒಬ್ಬರದು, ಕಂಠ ಇನ್ನೊಬ್ಬರದು ಎನ್ನುವುದೇ ರೂಢಿಯಾಯಿತು. ಅದನ್ನು ನೋಡಿದಾಗ ಸರೋಜಾದೇವಿ ತಮ್ಮ ನಾಲಗೆಯಿಂದಲೇ ದುಡಿದದ್ದು ಎಷ್ಟು ದೊಡ್ಡದೆಂದು ಅನ್ನಿಸುತ್ತದೆ.

ಆ ದನಿ ಏನು ಮಾಡಬಲ್ಲುದೆಂದು ತಿಳಿಯಬೇಕಾದರೆ ದಾದಾ ಮಿರಾಸಿ ನಿರ್ದೇಶಿಸಿದ 'ಪುದಿಯ ಪರವೈ' (1964) ನೋಡಿ. ಶಿವಾಜಿಯವರ ಸ್ವಂತ ಸಂಸ್ಥೆಯ ಬಣ್ಣದ ಚಿತ್ರ. ಸಿಂಗಾಪುರದಿಂದ ಹಡಗಿನಲ್ಲಿ ಬರುವ ಗೋಪಾಲನಿಗೆ ಲತಾ ಎಂಬ ಹುಡುಗಿಯ ಪರಿಚಯವಾಗುತ್ತದೆ. ಅವನ ಮೊದಲ ಹೆಂಡತಿ ಸತ್ತಿದ್ದಾಳೆ, ಹೇಗೆ ಸತ್ತಳೆಂಬುದೇ ಗುಟ್ಟು. ಲತಾ ಅವನನ್ನು ಹೆಸರು ಹಿಡಿದು "ಗೋಪಾಲ್" ಎಂದು ಕರೆಯುತ್ತಾಳೆ. ಆ ಒಂದು ಕರೆಯನ್ನು ಮಿಮಿಕ್ರಿ ಮಾಡುವವರು ಇಂದಿಗೂ ಅನುಕರಿಸುತ್ತಾರೆ, ಜನ ನಗುತ್ತಾರೆ. ಆದರೆ ಚಿತ್ರದೊಳಗೆ ಅದು ನಗುವ ವಿಷಯವಲ್ಲ. ಮೊದಲು ಅದು ಸಲಿಗೆ. ನಡುವೆ ಅದು ಸಂತೈಕೆ, ಕಂಗೆಟ್ಟ ಗಂಡಸನ್ನು ಮಡಿಲಿಗೆ ಕರೆಯುವ ದನಿ. ಕೊನೆಯಲ್ಲಿ ಅವನು ತಪ್ಪೊಪ್ಪಿಕೊಂಡಾಗ, ಲತಾ ತನಿಖೆಗೆಂದೇ ಬಂದ ಪೊಲೀಸಿನವಳು ಎಂದು ತಿಳಿಯುತ್ತದೆ. ಅದು ತಿಳಿದ ಮೇಲೆ ಹಿಂದಿನ ಪ್ರತಿ ಕರೆಯೂ ನಮ್ಮ ಕಿವಿಯಲ್ಲಿ ಮತ್ತೆ ಕೇಳಿಸುತ್ತದೆ. ಯಾವುದು ಕರ್ತವ್ಯಕ್ಕೆ ಕರೆದದ್ದು, ಯಾವುದು ಪ್ರೀತಿಗೆ? ಬೇರೆಯಾಗಿ ಎಣಿಸಲು ಆಗುವುದಿಲ್ಲ. ಹಾಗೆ ಆಗದಂತೆ ಆ ಹೆಸರನ್ನು ನುಡಿದದ್ದೇ ನಟನೆ.

ಅದೇ ಹೊತ್ತಿಗೆ ಯೂರೋಪಿನಲ್ಲಿ ಏನು ನಡೆದಿತ್ತೆಂದು ನೋಡಿದರೆ ಇಲ್ಲಿಯದು ಇನ್ನಷ್ಟು ತಿಳಿಯಾಗುತ್ತದೆ. ಫ್ರಾನ್ಸಿನ ಝಾನ್ ಮೊರೋ ಎಂಬ ನಟಿ 1928ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದವರು. ಅವರ ತಾಯಿ ಇಂಗ್ಲೆಂಡಿನ ನರ್ತಕಿ, ಹಾಗಾಗಿ ಮನೆಯಲ್ಲೇ ಎರಡು ಭಾಷೆ. ರಂಗಭೂಮಿಯಲ್ಲಿ ಹೆಸರು ಮಾಡಿದ್ದರೂ ಸಿನಿಮಾದವರು ಅವರ ಮುಖ ಕ್ಯಾಮೆರಾಕ್ಕೆ ಒಗ್ಗುವುದಿಲ್ಲ ಎನ್ನುತ್ತಿದ್ದರು. ನಿರ್ದೇಶಕ ಲೂಯಿ ಮಾಲ್ ತಮ್ಮ ಮೊದಲ ಕಥಾಚಿತ್ರದಲ್ಲಿ ಅವರನ್ನು ಹೆಚ್ಚು ಬಣ್ಣ ಹಚ್ಚದೆ ರಾತ್ರಿಯ ಪ್ಯಾರಿಸಿನ ಬೀದಿಯಲ್ಲಿ, ಅಂಗಡಿಗಳ ಗಾಜಿನಿಂದ ಬರುವ ಬೆಳಕಿನಲ್ಲಿ ಸುಮ್ಮನೆ ನಡೆಸಿದರು. ಆ ಚಿತ್ರ ಬಿಡುಗಡೆಯಾದದ್ದು 1958ರಲ್ಲಿ, ನಮ್ಮ 'ನಾಡೋಡಿ ಮನ್ನನ್' ಬಂದ ವರ್ಷವೇ. ಅಲ್ಲಿ ಬಣ್ಣ ತೆಗೆದು ನಟಿಯನ್ನು ಕಂಡರು, ಇಲ್ಲಿ ಬಣ್ಣ ತಂದು ಕಂಡರು. ಆಮೇಲೆ ಮೊರೋ ಇಟಲಿಯ ಆಂಟೋನಿಯೋನಿಯ 'ಲಾ ನೋಟ್ಟೆ'ಯಲ್ಲಿ (1961), ಸ್ಪೇನಿನ ಬುನ್ಯುಯೆಲ್ ಫ್ರಾನ್ಸಿನಲ್ಲಿ ತೆಗೆದ ಚಿತ್ರದಲ್ಲಿ, ಅಮೆರಿಕದ ಆರ್ಸನ್ ವೆಲ್ಸ್ ಜೊತೆಯಲ್ಲಿ ನಟಿಸಿದರು. ಅಲ್ಲಿ ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುವುದೆಂದರೆ ದೇಶದ ಗಡಿ ದಾಟುವುದು. ಫ್ರಾನ್ಸ್ ಮತ್ತು ಇಟಲಿ ಸರ್ಕಾರಗಳೇ ಜಂಟಿ ಚಿತ್ರಗಳಿಗಾಗಿ ಒಪ್ಪಂದ ಮಾಡಿಕೊಂಡಿದ್ದವು. ಇಟಲಿಯ ಚಿತ್ರಗಳಿಗೆ ಮಾತನ್ನು ಆಮೇಲೆ ಸೇರಿಸುವುದೇ ಪದ್ಧತಿಯಾದ್ದರಿಂದ ಹೊರಗಿನಿಂದ ಬಂದ ನಟಿಯ ಕಂಠ ಹೆಚ್ಚಾಗಿ ಬೇರೆಯವರದಾಗುತ್ತಿತ್ತು. ನಮ್ಮ ನಟಿಯರು ಮದರಾಸಿನ ಕೋಡಂಬಾಕ್ಕದ ಒಂದು ರಸ್ತೆ ದಾಟಿ ಇನ್ನೊಂದು ಭಾಷೆಗೆ ಹೋಗುತ್ತಿದ್ದರು, ಯಾವ ಒಪ್ಪಂದವೂ ಇಲ್ಲದೆ. ಮೊರೋ ಬಗ್ಗೆ ಫ್ರೆಂಚರು ಎಷ್ಟು ಬರೆದಿದ್ದಾರೆ! ನಮ್ಮವರ ಬಗ್ಗೆ ಬರೆಯಬೇಕಾದವರು ನಾವು.

ಈಗ ಕನ್ನಡಕ್ಕೆ ಬರೋಣ. 'ಕಿತ್ತೂರು ಚೆನ್ನಮ್ಮ' 1961ರ ಚಿತ್ರ. ಬಿ.ಆರ್. ಪಂತುಲು ತಮ್ಮ ಪದ್ಮಿನಿ ಪಿಕ್ಚರ್ಸ್‌ನಿಂದ ತೆಗೆದರು. ಎರಡು ವರ್ಷದ ಹಿಂದೆ ಅವರೇ ತಮಿಳಿನಲ್ಲಿ ಶಿವಾಜಿಯಿಂದ 'ವೀರಪಾಂಡಿಯ ಕಟ್ಟಬೊಮ್ಮನ್' ಮಾಡಿಸಿದ್ದರು. ಕನ್ನಡದಲ್ಲಿ ಅಂಥದೇ ಚಿತ್ರ ಮಾಡಹೊರಟಾಗ ಸಿಕ್ಕಿದ ವೀರ ಒಬ್ಬ ಹೆಣ್ಣು, ಅದರ ಭಾರವನ್ನೆಲ್ಲ ಹೊರಬೇಕಾದವಳು ಇಪ್ಪತ್ತಮೂರು ವರ್ಷದ ನಟಿ. ಮಲ್ಲಸರ್ಜ ದೇಸಾಯಿಯಾಗಿ ರಾಜಕುಮಾರ್ ಇದ್ದಾರೆ. ಆದರೆ ಮಲ್ಲಸರ್ಜ ನಡುವೆಯೇ ತೀರಿಹೋಗುತ್ತಾನೆ, ಮುಂದಿನ ಚಿತ್ರವೆಲ್ಲ ಅವಳದೇ. ಆ ಹೊತ್ತಿನಲ್ಲಿ ತಮಿಳಿನ ಜನ ಸರೋಜಾದೇವಿಯ ಸೀರೆ, ಒಡವೆ, ತಲೆ ಬಾಚುವ ರೀತಿಯನ್ನು ಅನುಕರಿಸುತ್ತಿದ್ದರು. ಅದೇ ನಟಿ ಇಲ್ಲಿ ಅರ್ಧ ಚಿತ್ರದುದ್ದಕ್ಕೂ ವಿಧವೆಯ ಉಡುಗೆಯಲ್ಲಿ ನಿಂತರು. ಆಭರಣ ಇಲ್ಲ, ಹೂವಿಲ್ಲ. ಉಳಿದದ್ದು ಬೆನ್ನು, ಕಣ್ಣು, ದನಿ.

ಬೆನ್ನು ಎಂದೆ. ಟೆಂಟಿನಲ್ಲಿ ಆ ಚಿತ್ರ ನೋಡಿದಾಗ ನನಗೆ ಒಂಬತ್ತೋ ಹತ್ತೋ ವರ್ಷ. ಬಿಡುಗಡೆಯಾಗಿ ಐದಾರು ವರ್ಷವಾದ ಮೇಲೆ ಬಂದ ಪ್ರಿಂಟು, ಗೀರು ಬಿದ್ದು ಮಳೆ ಸುರಿದಂತೆ ಕಾಣುತ್ತಿತ್ತು. ನೆನಪಿನಲ್ಲಿ ಉಳಿದಿರುವುದು ಅವರು ಸಿಂಹಾಸನದಲ್ಲಿ ಕೂರುವ ರೀತಿ. ಹಿಂದಕ್ಕೆ ಒರಗುವುದಿಲ್ಲ. ಒರಗದ ಆ ಕೂರುವಿಕೆಯನ್ನು ಮನೆಗೆ ಬಂದು ನನ್ನ ಅಕ್ಕ ಭತ್ತ ಅಳೆಯುವ ಕೊಳಗದ ಮೇಲೆ ಕೂತು ಮಾಡಿ ತೋರಿಸಿದ್ದಳು. ಆಮೇಲೆ ನಮ್ಮ ಶಾಲೆಗಳಲ್ಲಿ ಕಪ್ಪ ಕೇಳಲು ಬಂದವನಿಗೆ ಚೆನ್ನಮ್ಮ ಉತ್ತರಿಸುವ ಏಕಪಾತ್ರಾಭಿನಯ ಇಲ್ಲದ ವಾರ್ಷಿಕೋತ್ಸವವೇ ಇರಲಿಲ್ಲ. ಆ ಹುಡುಗಿಯರೆಲ್ಲ ನಿಲ್ಲುತ್ತಿದ್ದುದು ಚರಿತ್ರೆಯ ಚೆನ್ನಮ್ಮನಂತಲ್ಲ, ಸರೋಜಾದೇವಿಯಂತೆ.

ಇನ್ನೂ ಒಂದು ವಿಚಾರವಿದೆ. ಕನ್ನಡ ಸೀಮೆಗಳೆಲ್ಲ ಒಂದು ರಾಜ್ಯವಾದದ್ದು 1956ರಲ್ಲಿ. ಕಿತ್ತೂರು ಅಲ್ಲಿಯವರೆಗೆ ಮುಂಬಯಿ ಪ್ರಾಂತದ್ದು. 1824ರ ಯುದ್ಧ, ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಸಾವು, ಬೈಲಹೊಂಗಲದ ಸೆರೆ, ಇವೆಲ್ಲ ಆ ಕಡೆಯ ಲಾವಣಿಗಳಲ್ಲಿ ಇದ್ದವು. ಹಳೆ ಮೈಸೂರಿನ ನಮ್ಮಂಥ ಹಳ್ಳಿಗಳಿಗೆ ಅಷ್ಟಾಗಿ ಗೊತ್ತಿರಲಿಲ್ಲ. ರಾಜ್ಯವಾಗಿ ಐದು ವರ್ಷಕ್ಕೆ, ಚನ್ನಪಟ್ಟಣದ ಕಡೆಯ ಹೆಣ್ಣುಮಗಳು ಬೆಳಗಾವಿ ಕಡೆಯ ರಾಣಿಯಾಗಿ ಬಂದು ಸಕಲೇಶಪುರದ ಜನರ ಮುಂದೆ ನಿಂತರು. ನನ್ನ ತಾಯಿ "ನಮ್ಮ ಚೆನ್ನಮ್ಮ" ಎಂದದ್ದು ಸುಮ್ಮನೆ ಬಂದ ಮಾತಲ್ಲ. ಏಕೀಕರಣವನ್ನು ಭಾಷಣಗಳಿಂದ ಕಲಿತವರು ಕೆಲವರು, ಈ ಚಿತ್ರದಿಂದ ಕಲಿತವರು ಬಹಳ ಜನ.

'ಅಮರಶಿಲ್ಪಿ ಜಕಣಾಚಾರಿ' (1964) ನಮ್ಮ ಜಿಲ್ಲೆಯ ಕಥೆ. ಬಿ.ಎಸ್. ರಂಗಾ ಅವರ ಆ ಚಿತ್ರ ಕನ್ನಡದ ಮೊದಲ ಪೂರ್ಣ ವರ್ಣಚಿತ್ರವೂ ಹೌದು. ಬೇಲೂರು ಇಲ್ಲಿಂದ ಎಷ್ಟು ದೂರ? ನೀವೆಲ್ಲ ಹೋಗಿ ಬಂದವರೇ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಆ ದೇವಾಲಯದ ಕಲ್ಲುಗಳ ಮೇಲೆ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ, ಹೀಗೆ ಶಿಲ್ಪಿಗಳು ತಮ್ಮ ಹೆಸರು ಕೆತ್ತಿದ್ದಾರೆ. ಜಕಣಾಚಾರಿಯ ಹೆಸರು ಕಲ್ಲಿನಲ್ಲಿಲ್ಲ, ಜನರ ಬಾಯಲ್ಲಿದೆ. ಕಪ್ಪೆ ಚೆನ್ನಿಗರಾಯನ ಮೂರ್ತಿಯ ಹೊಕ್ಕುಳಲ್ಲಿ ನೀರೂ ಕಪ್ಪೆಯೂ ಇದ್ದ ಕಥೆ, ಮಗ ಡಂಕಣ ಅಪ್ಪನ ಕೆಲಸದ ದೋಷ ಎತ್ತಿ ತೋರಿದ ಕಥೆ ಅಜ್ಜಿಯರಿಂದ ಕೇಳಿದ್ದೇವೆ. ಆ ಕಥೆಯಲ್ಲಿ ಹೆಂಡತಿಗೆ ಹೆಚ್ಚು ಜಾಗವಿಲ್ಲ. ಗಂಡ ಸಂಶಯಪಟ್ಟು ಬಿಟ್ಟುಹೋದ, ಅವಳು ಮಗನನ್ನು ಸಾಕಿದಳು, ಅಷ್ಟೇ. ಸಿನಿಮಾ ಆ ಹೆಣ್ಣನ್ನು ನರ್ತಕಿಯಾಗಿ ಮುಂದಕ್ಕೆ ತಂದಿತು. ಅವಳ ಭಂಗಿಯೇ ಶಿಲ್ಪಿಗೆ ಮಾದರಿ ಎಂಬಂತೆ ಕಟ್ಟಿತು.

ಆ ಚಿತ್ರ ನೋಡಿದ ಮೇಲೆ ಬೇಲೂರಿಗೆ ಹೋದಾಗ ಒಂದು ವಿಚಿತ್ರ ನಡೆಯಿತು. ದರ್ಪಣಸುಂದರಿಯ ಮುಂದೆ ನಿಂತಿದ್ದೆವು. ಕನ್ನಡಿ ಹಿಡಿದ ಕೈ, ಓರೆಯಾದ ಕತ್ತು, ಒಂದು ಕಡೆಗೆ ತೂಗಿದ ಸೊಂಟ. ನಮ್ಮ ಜೊತೆ ಬಂದಿದ್ದ ಮೇಸ್ತ್ರಿಯಮ್ಮ ಅದನ್ನು ನೋಡಿ, "ಅಯ್ಯೋ, ಸರೋಜಾದೇವಿ" ಎಂದುಬಿಟ್ಟರು. ಎಂಟುನೂರೈವತ್ತು ವರ್ಷ ಹಳೆಯ ಕಲ್ಲಿಗೆ ಆರು ತಿಂಗಳ ಹಿಂದೆ ನೋಡಿದ ಸಿನಿಮಾದ ಹೆಸರು. ಆಗ ಎಲ್ಲರೂ ನಕ್ಕರು. ನನಗೆ ಈಗ ಅನ್ನಿಸುತ್ತದೆ, ಅವರು ನೋಡಿದ್ದೇ ಸರಿ. ಹೆಣ್ಣಿನ ನಿಲುವನ್ನು ಗಮನಿಸಿ ನೋಡಲು ಆ ನಟಿ ಅವರ ಕಣ್ಣಿಗೆ ಕಲಿಸಿದ್ದರು. ಅದಕ್ಕೆ ಮೊದಲು ಅವರಿಗೆ ಅದು ದೇವಸ್ಥಾನದ ಒಂದು ಗೊಂಬೆ ಮಾತ್ರ.

ಇಷ್ಟು ಹೊಗಳಿದ ಮೇಲೆ ನನ್ನ ಒಂದು ಅಸಮಾಧಾನವನ್ನೂ ಹೇಳಬೇಕು. ಕನ್ನಡ ಅವರಿಗೆ ರಾಣಿಯ, ದೇವಿಯ, ಪತಿವ್ರತೆಯ ಪಾತ್ರಗಳನ್ನು ಕೊಟ್ಟಿತು. 'ಬಭ್ರುವಾಹನ'ದ (1977) ಚಿತ್ರಾಂಗದೆಯವರೆಗೂ ಅದೇ ಸಾಲು. ಆದರೆ ಅವರಿಗೆ ನಗಿಸುವ ಕಲೆ ಇತ್ತು. 1966ರ 'ಅನ್ಬೇ ವಾ' ನೋಡಿದವರಿಗೆ ಅದು ಗೊತ್ತು. ಎ.ಸಿ. ತಿರುಲೋಕಚಂದರ್ ನಿರ್ದೇಶನ, ಎವಿಎಂನ ಬಣ್ಣದ ಚಿತ್ರ, ಶಿಮ್ಲಾದ ಹಿಮ. ಇಟಲಿಯಲ್ಲಿ ಚಿತ್ರೀಕರಿಸಿ ಇಟಲಿಯದೇ ನಟಿ ಜೀನಾ ಲೊಲೊಬ್ರಿಜಿಡಾ ನಟಿಸಿದ ಒಂದು ಅಮೆರಿಕನ್ ಚಿತ್ರದ ಎಳೆ ಹಿಡಿದು ಕಟ್ಟಿದ ಕಥೆ. ತನ್ನ ಮನೆಗೇ ಬಾಡಿಗೆದಾರನಂತೆ ಬಂದ ಶ್ರೀಮಂತನ ಜೊತೆ ಮಾತಿಗೆ ಮಾತು ಕೊಡುವ ಹುಡುಗಿ ಇವರು. ಕೋಪ ಬಂದಾಗ ಮೂಗು ಸ್ವಲ್ಪ ಮೇಲಕ್ಕೆ, ಸೋತಾಗ ತುಟಿ ಸ್ವಲ್ಪ ಕೆಳಕ್ಕೆ. ಎಂಜಿಆರ್ ಅಂಥವರ ಎದುರು ದೃಶ್ಯವನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಇಂಥ ಒಂದು ಪಾತ್ರವನ್ನು ಕನ್ನಡ ಅವರಿಗೆ ಬರೆಯಲೇ ಇಲ್ಲ. ಗೌರವ ಕೊಡುವ ಭರದಲ್ಲಿ ನಾವು ಅವರನ್ನು ಎತ್ತರದಲ್ಲಿ ಕೂರಿಸಿ, ಮನೆಯ ಹುಡುಗಿಯಾಗಿ ಓಡಾಡಲು ಬಿಡಲಿಲ್ಲ. ಇದು ನಷ್ಟವೆಂದೇ ನನ್ನ ಎಣಿಕೆ.

ಹಿಂದಿಯ ವಿಷಯ ಬೇಗ ಹೇಳುತ್ತೇನೆ. 'ಪೈಗಾಮ್' ಆದ ಮೇಲೆ ರಾಜೇಂದ್ರ ಕುಮಾರ್ ಜೊತೆ 'ಸಸುರಾಲ್' (1961) ದೊಡ್ಡ ಯಶಸ್ಸು ಕಂಡಿತು, ಶಮ್ಮಿ ಕಪೂರ್ ಜೊತೆ 'ಪ್ಯಾರ್ ಕಿಯಾ ತೋ ಡರ್ನಾ ಕ್ಯಾ' (1963) ಬಂತು. ಅಲ್ಲಿಯೇ ನೆಲೆಸುವ ದಾರಿ ಇತ್ತು. ಆದರೂ ಅವರ ಕೆಲಸದ ತೂಕವೆಲ್ಲ ದಕ್ಷಿಣದಲ್ಲೇ ಉಳಿಯಿತು.

1967ರಲ್ಲಿ ಇಂಜಿನಿಯರ್ ಶ್ರೀಹರ್ಷ ಅವರೊಂದಿಗೆ ಮದುವೆಯಾಯಿತು. ಮದುವೆಯಾದ ನಾಯಕಿಯ ಕಾಲ ಮುಗಿಯಿತು ಎನ್ನುತ್ತಿದ್ದ ದಿನಗಳವು. ಅವರು ನಿಲ್ಲಲಿಲ್ಲ. ಪುಟ್ಟಣ್ಣ ಕಣಗಾಲರ 'ಮಲ್ಲಮ್ಮನ ಪವಾಡ' ಬಂದದ್ದು 1969ರಲ್ಲಿ, ಮದುವೆಯಾಗಿ ಎರಡು ವರ್ಷದ ಮೇಲೆ. ಬಿ. ಪುಟ್ಟಸ್ವಾಮಯ್ಯನವರ 'ಅರ್ಧಾಂಗಿ' ಕಾದಂಬರಿಯ ಕಥೆ. ಮಲತಾಯಿಯ ಹಿಡಿತದಲ್ಲಿರುವ ಮುಗ್ಧ ಗಂಡ, ಆ ಮನೆಯ ಮೋಸವನ್ನು ಬಂದ ದಿನವೇ ಅರಿತ ಸೊಸೆ. ಗಂಡನಾಗಿ ರಾಜಕುಮಾರ್ ತಮ್ಮ ವೀರಗಂಭೀರ ವೇಷವನ್ನೆಲ್ಲ ಕಳಚಿಟ್ಟು ಮಗುವಾಗಿದ್ದಾರೆ. ಆದ್ದರಿಂದ ಮನೆಯನ್ನು ನಿಭಾಯಿಸುವ ಬುದ್ಧಿಯೆಲ್ಲ ಸರೋಜಾದೇವಿಯ ಕಣ್ಣಿನಲ್ಲಿರಬೇಕಾಯಿತು. ಅತ್ತೆಯ ಮುಂದೆ ತಲೆ ತಗ್ಗಿಸಿಯೇ ಇರುತ್ತಾರೆ, ಆದರೆ ರೆಪ್ಪೆಯ ಕೆಳಗೆ ಲೆಕ್ಕ ನಡೆದಿರುತ್ತದೆ. ನಮ್ಮ ಕೂಡು ಕುಟುಂಬಗಳನ್ನು ಕಂಡವರಿಗೆ ಆ ನೋಟ ಗೊತ್ತು. ಅದೇ ವರ್ಷ ಅವರಿಗೆ ಪದ್ಮಶ್ರೀ ಬಂತು, 1992ರಲ್ಲಿ ಪದ್ಮಭೂಷಣ. 1976ರಲ್ಲಿ ಪುಟ್ಟಣ್ಣ ಮೂರು ಕಥೆಗಳನ್ನು ಸೇರಿಸಿ 'ಕಥಾಸಂಗಮ' ಮಾಡಿದಾಗ, ವೀಣಾ ಶಾಂತೇಶ್ವರರ 'ಅತಿಥಿ' ಕಥೆಗೆ ಅವರನ್ನೇ ಆರಿಸಿದರು. ನಲವತ್ತರ ಹತ್ತಿರ ಬಂದ ನಟಿಗೆ ಅಮ್ಮನ ಪಾತ್ರ ಬಿಟ್ಟು ಬೇರೊಂದು ಕೊಡಬಹುದೆಂದು ಪುಟ್ಟಣ್ಣನವರಿಗೆ ಹೊಳೆಯಿತು. ಉಳಿದವರಿಗೂ ಹೊಳೆದಿದ್ದರೆ ಇನ್ನೊಂದು ಸರೋಜಾದೇವಿಯನ್ನು ನೋಡುತ್ತಿದ್ದೆವು.

ಗಂಡ 1986ರಲ್ಲಿ ತೀರಿಕೊಂಡರು. ಆಮೇಲೆ ಅವರು ತೆರೆಗೆ ಬಂದದ್ದು ಅಪರೂಪ. ತಮಿಳಿನ 'ಆದವನ್' (2009), ಕನ್ನಡದ 'ನಟಸಾರ್ವಭೌಮ' (2019) ಅಂಥ ಅಪರೂಪದವು.

ತೀರಿಕೊಂಡ ಮರುದಿನ, ಜುಲೈ 15ರಂದು, ಸರ್ಕಾರಿ ಗೌರವದೊಂದಿಗೆ ದಶವಾರದಲ್ಲಿ ಅಂತ್ಯಕ್ರಿಯೆ ನಡೆಯಿತು. ಕಣ್ಣುಗಳನ್ನು ದಾನ ಮಾಡಿದ್ದರು. ಆ ದಿನ ಇಲ್ಲಿ ಎಡೆಬಿಡದ ಮಳೆ, ಕರೆಂಟು ಇರಲಿಲ್ಲ, ಟಿವಿಯಲ್ಲಿ ನೋಡಲಾಗಲಿಲ್ಲ. ಸಂಜೆ ಮೇಸ್ತ್ರಿಯಮ್ಮನ ಮಗಳು ಫೋನ್ ಮಾಡಿದರು. ಅವರಿಗೂ ಈಗ ಎಪ್ಪತ್ತರ ಹತ್ತಿರ. ಈ ಹೋಬಳಿಯಲ್ಲೇ ಇದ್ದಾರೆ, ಮನೆಯ ಪಕ್ಕ ಒಂದಿಷ್ಟು ಕಾಫಿ ಗಿಡ ಹಾಕಿಕೊಂಡಿದ್ದಾರೆ. "ಅಣ್ಣಾ, ಅವರನ್ನ ಎಲ್ಲಿಗೆ ಕರ್ಕೊಂಡು ಹೋದ್ರು, ಮದ್ರಾಸಿಗಾ?" ಎಂದು ಕೇಳಿದರು. ಇಲ್ಲಮ್ಮ, ಅವರ ಊರಿಗೆ, ಚನ್ನಪಟ್ಟಣದ ಹತ್ತಿರ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮನ ಕ್ಯಾಲೆಂಡರ್ ಪೆಟ್ಟಿಗೇಲಿದೆ, ಗೆದ್ದಲು ಹಿಡಿಯೋಕೆ ಬಿಟ್ಟಿಲ್ಲ" ಎಂದರು.

ಇವತ್ತು ಅವರು ಅದನ್ನು ತಂದಿದ್ದಾರೆ. ಎರಡನೆಯ ಸಾಲಿನಲ್ಲಿ ಕುಳಿತಿದ್ದಾರೆ, ಹೆಸರು ಹೇಳುವುದು ಬೇಡ ಎಂದಿದ್ದಾರೆ. ಕ್ಯಾಲೆಂಡರ್ 1966ರದು. ತಿಂಗಳ ಹಾಳೆಗಳು ಎಂದೋ ಹರಿದುಹೋಗಿವೆ, ಚಿತ್ರ ಮತ್ತು ಮೇಲಿನ ತಗಡಿನ ಪಟ್ಟಿ ಉಳಿದಿವೆ. ಈ ಮೇಜಿನ ಮೇಲೆ ಬಿಡಿಸಿ ಇಟ್ಟಿದ್ದೇನೆ. ಸಭೆ ಮುಗಿದ ಮೇಲೆ ಬಂದು ನೋಡಿ. ಅಂಚು ಪುಡಿಯಾಗುತ್ತಿದೆ, ಮುಟ್ಟುವಾಗ ಜೋಪಾನ.